ಅಮೆರಿಕಾದ ರಜಾ ಫಾರ್ಮಿಗೆ ಹುಬ್ಬಳ್ಳಿ ಡಾಕ್ಟರ ಸಹಿ ನಡೀತೈತೇನ್ರಿ?

ಉಣಕಲ್_ಕೆರಿ:
ನಮಸ್ಕಾರ್ರಿ. ನಮ್ಮಣ್ಣ ಟೆಕ್ಸಾಸಿನ್ಯಾಗ ಅದಾನ, ಇಲ್ಲಿ ಅವ್ವ ಬಚ್ಚಲದಾಗ ಜಾರಿ ಬಿದ್ದು ತೊಡಿ ಎಲುಬು ಮುರದು ಆಪರೇಷನ್ ಆಗೇತಿ. ಅಕಿನ್ನ ನೋಡ್ಕೊಳ್ಳಾಕ ಅಣ್ಣ ಎಫ್‌ಎಂಎಲ್‌ಎ ರಜಾ (ಮನಿ ಮಂದಿ ಜಡ್ಡು ಬಿದ್ರ ಅಂತ ಅಮೆರಿಕಾದ ಕಾಯ್ದೆದಾಗ ಇರೋ ರಜಾ) ಕೇಳ್ಯಾನ, ಅದಕ್ಕ ಡಾಕ್ಟರ್ ತುಂಬಿದ ಫಾರ್ಮ್ ಬೇಕಂತ, ನಾವು ಮನಿಗೆ ದಿನಾ ಬರೋ ಫಿಸಿಯೋಥೆರಪಿಯವರ ಕಡೆ ಸಹಿ ಮಾಡಿಸಿ ಕಳಿಸಿದ್ವಿ, ಎಚ್‌ಆರ್‌ನವರು ಇವರು 'ಹೆಲ್ತ್ ಕೇರ್ ಪ್ರೊವೈಡರ್' ಅಲ್ಲ ಅಂತ ವಾಪಸ್ ಹಾಕ್ಯಾರ. ದಿನಾ ಬಂದು ಅವ್ವನ ಕಾಲು ಎತ್ತಿಸಿ ಇಳಿಸೋರು ಅವರ, ಅವರಲ್ಲಂದ್ರ ಮತ್ಯಾರ್ರಿ? ಇಂಡಿಯಾದ ಡಾಕ್ಟರ್ ನಡಿಯೂದ ಇಲ್ಲೇನು? ನಮ್ಮ ಮಾವಾರು ಬಿಎಎಂಎಸ್ ಅದಾರ, ಅವರು ಹಾಕಿದ್ರ ಹೆಂಗ?

ಮಳಮಡ್ಡಿ_ಮಂದಿ:
ನಡೀತೈತ್ರಿ, ಹೆದರಬ್ಯಾಡ್ರಿ. 1993ರ ಕಾಯ್ದೆ ಅದು, ಯಾರು ಪ್ರೊವೈಡರ್ ಅಂತ ರೂಲ್ಸಿನ್ಯಾಗ ಪಟ್ಟಿನ ಐತಿ. ಅಲೋಪತಿ ಡಾಕ್ಟರ್, ಹಲ್ಲಿನವರು, ಕಣ್ಣಿನ ಆಪ್ಟೊಮೆಟ್ರಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್, ನರ್ಸ್ ಪ್ರಾಕ್ಟೀಷನರ್, ಸೂಲಗಿತ್ತಿ ಕೆಲಸದ ನರ್ಸ್‌ಗಳು, ಹಿಂಗ. ಕೈರೊಪ್ರಾಕ್ಟರ್ ಸೈತ ಅದಾನ, ಆದ್ರ ಎಕ್ಸ್‌ರೇದಾಗ ಬೆನ್ನೆಲುಬು ಸರದದ್ದು ಕಂಡಿದ್ರ ಅದನ್ನ ಕೈಯಿಂದ ಸರಿಮಾಡೂದಕ್ಕಷ್ಟ. ಮಜಾ ಅಂದ್ರ ಪ್ರಾರ್ಥನಾ ಮಾಡಿ ಗುಣಮಾಡೋ ಕ್ರಿಶ್ಚಿಯನ್ ಸೈನ್ಸ್‌ನವರೂ ಅದರಾಗ ಅದಾರ, ನಿಮ್ಮ ಫಿಸಿಯೋನವರು ಇಲ್ಲ! ಡಾಕ್ಟರ್ ಬರದುಕೊಟ್ರ ಅವರ ಥೆರಪಿ ಟ್ರೀಟ್‌ಮೆಂಟ್ ಅಂತ ಲೆಕ್ಕಕ್ಕ ಬರ್ತೈತಿ, ಸಹಿ ಮಾತ್ರ ಡಾಕ್ಟರದ ಬೇಕು. ಪಟ್ಟಿಯಾಗಿನವರು ಬ್ಯಾರೆ ದೇಶದಾಗ ಅಲ್ಲಿ ಕಾಯ್ದೆ ಪ್ರಕಾರ ಪ್ರಾಕ್ಟೀಸ್ ಮಾಡ್ತಿದ್ರೂ ನಡೀತೈತಿ, ಪೇಷಂಟ್ ಇಲ್ಲೇ ಇದ್ರ ಇಲ್ಲಿ ಡಾಕ್ಟರ್ ಕೊಟ್ಟದ್ದನ್ನ ಕಂಪನಿ ತಗೋಳಾಕ ಬೇಕು. ಆಯುರ್ವೇದ ಹೆಸರು ಹಿಡದು ಹೇಳಿಲ್ಲ, ಮಾವಾರನ್ನ ಬಿಡ್ರಿ, ಆಪರೇಷನ್ ಮಾಡಿದ ಎಲುಬಿನ ಡಾಕ್ಟರನ್ನ ಹಿಡೀರಿ.

ಗದಗಿನ_ಅಕ್ಕ:
ಅವ್ವ ಅಂತ ಬಚಾವ್ ಆದ್ರಿ ತಮ್ಮಾ. ನಾ ಅಲ್ಲಿದ್ದಾಗ ಅತ್ತಿ ಸಲುವಾಗಿ ಕೇಳಿದ್ದೆ, ಅತ್ತಿ ಮಾವ ಆ ಕಾಯ್ದೆದಾಗ ಬರಂಗಿಲ್ಲ ಅಂದ್ರು, ಕಡೀಕ ನಮ್ಮನಿಯವರ ಹಾಕಿದ್ರು. ರಜಾ 12 ವಾರ, ಪಗಾರ ಇಲ್ಲ, ಅದೂ ನೆನಪಿರ್ಲಿ.

ಹಾವೇರಿ_ಏಲಕ್ಕಿ:
ಫಾರ್ಮ್ ಡಬ್ಲ್ಯುಎಚ್-380-ಎಫ್ ಹೌದಲ್ರಿ? ಕೇಳಿದ ಮ್ಯಾಲೆ 15 ದಿನದಾಗ ಕೊಡಬೇಕು, ಬಡಾಬಡಾ ಮಾಡ್ರಿ. ಎಷ್ಟ ದಿನ ಅನ್ನೋ ಕಡೆ ನಮ್ಮ ಡಾಕ್ಟರು 'ಗೊತ್ತಿಲ್ಲ' ಅಂತ ಗೀಚಿ ಬಿಡ್ತಾರ, ಅದು ಸಾಲಂಗಿಲ್ಲ, ಇಷ್ಟ ವಾರ ಅಂತ ಅಂದಾಜರ ಬರಸ್ರಿ. ಸೀಲಿನ್ಯಾಗ ಕೆಎಂಸಿ ನಂಬರ್ ಕಾಣಬೇಕು.

ಉಣಕಲ್_ಕೆರಿ:
ಕೆಎಂಸಿ ಅಂದ್ರ ವಿದ್ಯಾನಗರದ ದೊಡ್ಡ ದವಾಖಾನಿದೇನ್ರಿ? ಅವ್ವಂದು ಆಪರೇಷನ್ ಪ್ರೈವೇಟ್‌ನ್ಯಾಗ ಆಗೇತಿ.

ಹಾವೇರಿ_ಏಲಕ್ಕಿ:
ಅಯ್ಯ ಅಲ್ರಿ 😄 ಕರ್ನಾಟಕ ಮೆಡಿಕಲ್ ಕೌನ್ಸಿಲ್. ಡಾಕ್ಟರ ಚೀಟಿ ಮ್ಯಾಲೆ ಹೆಸರಿನ ಕೆಳಗ ಇರ್ತೈತಿ ನೋಡ್ರಿ.

ಉಣಕಲ್_ಕೆರಿ:
ಸಿಕ್ತ್ರಿ, ಡಿಸ್ಚಾರ್ಜ್ ಕಾಗದದಾಗೂ ಐತಿ. ನಾಳೆ ಶುಕ್ರವಾರ ಅವರು ಓಪಿಡಿಗೆ ಬರ್ತಾರ, ಏಳಕ್ಕ ಹೋಗಿ ಪಾಳಿ ಹಚ್ತೀನಿ.