ನೋವಿನ ಮಾತ್ರೆ: ಡಾಕ್ಟ್ರಮ್ಮನ್ನ ಕೇಳಿ

ಅಡ್ಮಿನ್: ಸಂಜೆ 6ರಿಂದ ಡಾಕ್ಟ್ರಮ್ಮ (ಜನರಲ್ ಮೆಡಿಸಿನ್) ಉತ್ತರ ಕೊಡ್ತಾರೆ. ವಯಸ್ಸು, ಬೇರೆ ಕಾಯಿಲೆ, ಈಗ ತಗೊಳ್ತಿರೋ ಮಾತ್ರೆ ಎಲ್ಲಾ ಬರೀರಿ. ಫಾರ್ವರ್ಡ್ ಹಾಕಬೇಡಿ.

ಹೊಸನಗರ ಹುಡುಗ: ಮೇಡಂ ನಮಸ್ಕಾರ. 31 ವರ್ಷ, ಬೇರೆ ಕಾಯಿಲೆ ಇಲ್ಲ. ಬೆನ್ನುನೋವಿಗೆ ಅಸೆಕ್ಲೋಫೆನಾಕ್-ಪ್ಯಾರಾಸಿಟಮಾಲ್ ದಿನಕ್ಕೆ ಎರಡು ಬರ್ದಿದಾರೆ. ಜೊತೆಗೆ ಡೊಲೊ 650 ತಗೋಬಹುದಾ?

ಡಾಕ್ಟ್ರಮ್ಮ: ಸ್ಟ್ರಿಪ್ ಹಿಂದೆ ಓದಿ. ಸಾಮಾನ್ಯವಾಗಿ ಅದರಲ್ಲಿ ಅಸೆಕ್ಲೋಫೆನಾಕ್ 100, ಪ್ಯಾರಾಸಿಟಮಾಲ್ 325 ಮಿಲಿಗ್ರಾಂ ಇರುತ್ತೆ. ಎರಡು ನುಂಗಿದ್ರೆ 650 ಆಗಲೇ ಆಯ್ತು. ಡೊಲೊ ಕೂಡ ಪ್ಯಾರಾಸಿಟಮಾಲೇ, 650 ಮಿಲಿಗ್ರಾಂ. ಮೇಲೆ ಒಂದು ತಗೊಂಡ್ರೆ ತೊಂದರೆ ಇಲ್ಲ, ನಡುವೆ ಆರು ಗಂಟೆ ಬಿಡಿ. ನೆಗಡಿ ಮಾತ್ರೇಲೂ ಪ್ಯಾರಾಸಿಟಮಾಲ್ ಇರುತ್ತೆ, ಅದನ್ನೂ ಲೆಕ್ಕ ಹಿಡೀರಿ. ದಿನಕ್ಕೆ ಒಟ್ಟು 3 ಗ್ರಾಂ ದಾಟಬೇಡಿ. ದಿನಾ ಕುಡಿಯೋರಾದ್ರೆ 2 ಗ್ರಾಂ. ಊಟ ಆದ್ಮೇಲೆ ತಗೊಳ್ಳಿ. ಐದು ದಿನದಲ್ಲಿ ಕಮ್ಮಿ ಆಗದಿದ್ರೆ ಮಾತ್ರೆ ಮುಂದುವರಿಸೋದಲ್ಲ, ವಾಪಸ್ ತೋರಿಸಿ.

ಸಾಗರದ ಸೊಸೆ: ಮೇಡಂ, ನಮ್ಮತ್ತೆಗೆ 68. ಬಿಪಿಗೆ ಟೆಲ್ಮಿಸಾರ್ಟನ್-ಹೈಡ್ರೋಕ್ಲೋರೋಥಯಜೈಡ್, ಶುಗರ್‌ಗೆ ಮೆಟ್‌ಫಾರ್ಮಿನ್. ಮಂಡಿನೋವಿಗೆ ಐದು ದಿನಕ್ಕೆ ಬರ್ದುಕೊಟ್ಟಿದ್ದು ಇದೇ ಅಸೆಕ್ಲೋಫೆನಾಕ್ ಮಾತ್ರೆ. ಚೀಟಿ ತೋರಿಸಿ ಮೆಡಿಕಲ್ಸಲ್ಲಿ ಮತ್ತೆ ಮತ್ತೆ ತರಿಸಿ ಮೂರು ವಾರ ಆಯ್ತು. ಎರಡು ದಿನದಿಂದ ವಾಂತಿ, ಪಾದ ಊದಿದೆ, ನಿನ್ನೆಯಿಂದ ಮೂತ್ರ ಎರಡೇ ಸಲ. ಗ್ಯಾಸ್ಟ್ರಿಕ್ ಇರಬಹುದಾ?

ನಿವೃತ್ತ ಮೇಷ್ಟ್ರು: ಬಾಳೆದಿಂಡಿನ ರಸಕ್ಕೆ ಎಳನೀರು ಬೆರೆಸಿ ಮೂರು ದಿನ ಕೊಡಿ ಅಮ್ಮ. ಕಿಡ್ನಿ ತೊಳೆದಂಗೆ ಆಗುತ್ತೆ. (ಫಾರ್ವರ್ಡೆಡ್)

ಡಾಕ್ಟ್ರಮ್ಮ: ಸಾಗರದವರೇ, ಇದು ಗ್ಯಾಸ್ಟ್ರಿಕ್ ಅಂತ ಕೂರೋ ವಿಷಯ ಅಲ್ಲ. ಈಗಲೇ ಹೊರಡಿ, ಬೆಳಗಾಗೋವರೆಗೆ ಕಾಯಬೇಡಿ.

ನೋವಿನ ಮಾತ್ರೆ ಈ ಕ್ಷಣದಿಂದ ಬಂದ್. ರಾತ್ರಿ ಮೆಟ್‌ಫಾರ್ಮಿನ್ ಕೊಡಬೇಡಿ. ಬಿಪಿ ಮಾತ್ರೆಯ ಮುಂದಿನ ಡೋಸ್ ಅಲ್ಲಿನ ಡಾಕ್ಟ್ರನ್ನ ಕೇಳದೆ ಕೊಡಬೇಡಿ. ಮನೇಲಿರೋ ಎಲ್ಲಾ ಸ್ಟ್ರಿಪ್, ಖಾಲಿಯಾದದ್ದೂ ಸೇರಿ, ಒಂದು ಕವರಲ್ಲಿ ಹಾಕ್ಕೊಳ್ಳಿ. ಕ್ರಿಯಾಟಿನಿನ್ (ಕಿಡ್ನಿ ಕೆಲಸ ತೋರಿಸೋ ರಕ್ತ ಪರೀಕ್ಷೆ), ಪೊಟ್ಯಾಸಿಯಂ, ಯೂರಿನ್, ಇಸಿಜಿ ನಾಲ್ಕೂ ಇವತ್ತೇ ಆಗಬೇಕು. ಮಲ ಟಾರಿನ ಹಾಗೆ ಕಪ್ಪಗೆ ಹೋಗ್ತಿದ್ರೆ ಅದನ್ನ ಮೊದಲೇ ಹೇಳಿ.

ಯಾಕೆ ಹೀಗಾಗುತ್ತೆ ಅಂದ್ರೆ, ಕಿಡ್ನಿಯ ಸೋಸೋ ಗಂಟುಗಳಿಗೆ ರಕ್ತ ತರೋ ಸಣ್ಣ ನಾಳವನ್ನ ತೆರೆದಿಡೋದು ಪ್ರೋಸ್ಟಾಗ್ಲಾಂಡಿನ್ ಅನ್ನೋ ದೇಹದ್ದೇ ರಾಸಾಯನಿಕ. ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಎಲ್ಲಾ ಅದನ್ನೇ ತಡೆಯೋದು. ಒಳಬರೋ ನಾಳ ಬಿಗಿಯುತ್ತೆ. ಟೆಲ್ಮಿಸಾರ್ಟನ್ ಹೊರಹೋಗೋ ನಾಳವನ್ನ ಸಡಿಲ ಮಾಡುತ್ತೆ. ಥಯಜೈಡ್ ಮೈನೀರು ಇಳಿಸುತ್ತೆ, ಈಗ ವಾಂತಿ ಬೇರೆ. ಸೋಸೋಕೆ ಬೇಕಾದ ಒತ್ತಡವೇ ಉಳಿಯಲ್ಲ. ಒಂದೊಂದೇ ಇದ್ರೆ ಸಾಮಾನ್ಯವಾಗಿ ಕಿಡ್ನಿ ತಡ್ಕೊಳ್ಳುತ್ತೆ, ಮೂರೂ ಸೇರಿದ್ರೆ ಕೆಲವರಿಗೆ ವಾರದೊಳಗೇ ಮೂತ್ರ ಇಳಿಯುತ್ತೆ. ಬೇಗ ಹಿಡಿದ್ರೆ ಬಹುತೇಕ ಚೇತರಿಸಿಕೊಳ್ಳುತ್ತೆ.

ಮೇಷ್ಟ್ರೇ, ಎಳನೀರು, ಬಾಳೆದಿಂಡು ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ಮೂತ್ರ ಕಟ್ಟಿದವರಿಗೆ ಅದು ಹೊರಗೆ ಹೋಗಲ್ಲ, ಟೆಲ್ಮಿಸಾರ್ಟನ್ ಇನ್ನೂ ಏರಿಸುತ್ತೆ. ಹೃದಯದ ಬಡಿತವೇ ನಿಲ್ಲಬಹುದು. ದಯವಿಟ್ಟು ಆ ಮೆಸೇಜ್ ಅಳಿಸಿ.

ಸಾಗರದ ಸೊಸೆ: ಹೊರಟ್ವಿ ಮೇಡಂ.

ನಿವೃತ್ತ ಮೇಷ್ಟ್ರು: ನಮ್ಮ ಹಿರಿಯರು ಎಳನೀರು ಕುಡಿದೇ ನೂರು ವರ್ಷ ಬಾಳಿದ್ದು.

ತೋಟದ ಮನೆ: ಅವರು ಟೆಲ್ಮಿಸಾರ್ಟನ್ ನುಂಗ್ತಿರಲಿಲ್ಲ ಮೇಷ್ಟ್ರೇ. ಅಳಿಸಿ ಅಂದ್ರೆ ಅಳಿಸಿ.

ನಿವೃತ್ತ ಮೇಷ್ಟ್ರು: ನೀನು ನನಗೆ ಹೇಳೋಕೆ ಬರಬೇಡ. ಇಂಗ್ಲಿಷ್ ಮಾತ್ರೆಯಿಂದಲೇ ತಾನೇ ಕಿಡ್ನಿ ಹೋಗ್ತಿರೋದು? ಮಂಡಿಗೆ ಮೂಲಿಕೆ ಪುಡಿ ಇದೆ, ಎರಡೇ ದಿನಕ್ಕೆ ನೋವು ಮಾಯ.

ಡಾಕ್ಟ್ರಮ್ಮ: ಎರಡು ದಿನಕ್ಕೆ ಮಾಯ ಆಗೋ, ಲೇಬಲ್ ಇಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರೋದು ಎಷ್ಟೋ ಸಲ ಸಿಕ್ಕಿದೆ. ಮುಖ ಊದಿದ್ರೆ, ಶುಗರ್ ಏರಿದ್ರೆ ಅನುಮಾನ ಪಡಿ. ತಿಂಗಳುಗಟ್ಟಲೆ ತಗೊಂಡಿದ್ರೆ ಥಟ್ಟನೆ ಬಿಡಲೂಬೇಡಿ, ಬಿಪಿ ಕುಸಿದು ಬೀಳ್ತೀರಿ. ಪುಡಿ ಸಮೇತ ಡಾಕ್ಟ್ರ ಹತ್ರ ಹೋಗಿ.

ಅಂಗಡಿ ಅಕ್ಕ: ಗ್ಯಾಸ್ಟ್ರಿಕ್ ಮಾತ್ರೆ ಪ್ಯಾಂಟೊಪ್ರಜೋಲ್ ಜೊತೆ ಹಾಕ್ಕೊಂಡ್ರೆ ನೋವಿನ ಮಾತ್ರೆ ಎಷ್ಟು ದಿನ ಬೇಕಾದ್ರೂ ತಗೋಬಹುದು ಅಲ್ವಾ?

ಡಾಕ್ಟ್ರಮ್ಮ: ಇಲ್ಲ. ಅದು ಕಾಯೋದು ಹೊಟ್ಟೆಯನ್ನ. ಕಿಡ್ನಿ, ಹೃದಯವನ್ನಲ್ಲ.

ಕೊಪ್ಪದ ಕಾಫಿ: ಇಂಜೆಕ್ಷನ್ ಹಾಕಿಸಿದ್ರೆ ಹೊಟ್ಟೆಗೆ ಹೋಗಲ್ವಲ್ಲ, ಹುಣ್ಣು ಆಗಲ್ಲ ಅಂತಾರೆ.

ಡಾಕ್ಟ್ರಮ್ಮ: ಸುಳ್ಳು. ಹುಣ್ಣಾಗೋದು ಮಾತ್ರೆ ತಾಗಿ ಮಾತ್ರ ಅಲ್ಲ, ರಕ್ತದ ಮೂಲಕವೂ ಆಗುತ್ತೆ.

ತೀರ್ಥಹಳ್ಳಿ ಟೀಚರ್: ಜ್ವರ, ಮೈಕೈ ನೋವು. ಮನೇಲಿ ಡೈಕ್ಲೋಫೆನಾಕ್ ಇದೆ. ತಗೊಳ್ಲಾ?

ಡಾಕ್ಟ್ರಮ್ಮ: ಬೇಡ. ಡೆಂಗಿ, ಮಂಗನ ಕಾಯಿಲೆ (ಕಾಡಿನ ಉಣ್ಣೆ ಕಚ್ಚಿ ಬರೋ ಜ್ವರ) ಎರಡರಲ್ಲೂ ರಕ್ತಸ್ರಾವದ ಭಯ ಇರುತ್ತೆ. ಪ್ಯಾರಾಸಿಟಮಾಲ್ ಮಾತ್ರ. ನಿಮ್ಮ ಕಡೆ ಕಾಡಿಗೆ, ತೋಟಕ್ಕೆ ಹೋಗಿ ಬಂದವರಾದ್ರೆ ಪಿಎಚ್‌ಸಿಯಲ್ಲಿ ಅದನ್ನ ಹೇಳಿ ರಕ್ತ ಕೊಡಿ.

ಶಿವಮೊಗ್ಗ ಬಸ್‌ಸ್ಟ್ಯಾಂಡ್: ಅಪ್ಪನ ಆಪರೇಷನ್‌ಗೆ ಕೊಟ್ಟ ಟ್ರಮಡಾಲ್ 50 ಉಳಿದಿದೆ. ತಮ್ಮನಿಗೆ ಹಲ್ಲುನೋವು. ಅವನು ಎಸ್ಸಿಟಾಲೋಪ್ರಾಮ್ (ಖಿನ್ನತೆ, ಆತಂಕದ ಮಾತ್ರೆ) ತಗೊಳ್ತಾನೆ, ಚಿಕ್ಕವನಿದ್ದಾಗ ಫಿಟ್ಸ್ ಬಂದಿತ್ತು.

ಡಾಕ್ಟ್ರಮ್ಮ: ಕೊಡಲೇಬೇಡಿ. ಟ್ರಮಡಾಲ್ ಫಿಟ್ಸ್ ತರಿಸಬಹುದು, ಎಸ್ಸಿಟಾಲೋಪ್ರಾಮ್ ಜೊತೆ ಆ ಅಪಾಯ ಹೆಚ್ಚು. ಸಿರೊಟೋನಿನ್ ಅನ್ನೋ ನರಗಳ ರಾಸಾಯನಿಕ ವಿಪರೀತ ಏರಿ ನಡುಕ, ಬೆವರು, ಜ್ವರ, ಗೊಂದಲವೂ ಬರಬಹುದು. 2018ರಿಂದ ಟ್ರಮಡಾಲ್ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯಡಿ ಇರೋ ಔಷಧ, ಹಂಚೋ ವಸ್ತು ಅಲ್ಲ. ಪ್ಯಾರಾಸಿಟಮಾಲ್ ಕೊಟ್ಟು ದಂತವೈದ್ಯರ ಹತ್ರ ಕರ್ಕೊಂಡು ಹೋಗಿ.

ಮಲ್ನಾಡ್ ಮಾವ: ಬೆಂಗಳೂರಲ್ಲಿ ಮಂಡಿಗೆ ಒಳ್ಳೆ ಆರ್ಥೋ ಯಾರಿದಾರೆ?

ಭದ್ರಾವತಿ: ಅಸೆಕ್ಲೋಫೆನಾಕ್ ಜೊತೆ ಡೊಲೊ ತಗೋಬಹುದಾ?

ಡಾಕ್ಟ್ರಮ್ಮ: ಮೇಲೆ ಓದಿ.

ಭದ್ರಾವತಿ: ಓದೋಕೆ ಟೈಮಿಲ್ಲ, ಹೌದು ಇಲ್ಲ ಅಷ್ಟೇ ಹೇಳಿ.

ತೋಟದ ಮನೆ: ಬರೆಯೋಕೆ ಮಾತ್ರ ಅವರಿಗೆ ಟೈಮ್ ಇರಬೇಕಾ?

ನಿವೃತ್ತ ಮೇಷ್ಟ್ರು: ಇಲ್ಲಿ ಪ್ರಶ್ನೆ ಕೇಳೋದೇ ತಪ್ಪಾಗಿದೆ.

ಅಡ್ಮಿನ್: ಮೇಷ್ಟ್ರೇ, ಎಳನೀರಿನ ಮೆಸೇಜ್ ನಾನೇ ಅಳಿಸ್ತಾ ಇದೀನಿ. ಇನ್ನೊಂದು ಫಾರ್ವರ್ಡ್ ಬಂದ್ರೆ ಗ್ರೂಪಿಂದ ತೆಗೀತೀನಿ.

ಸಾಗರದ ಸೊಸೆ: ಮೇಡಂ, ಕ್ರಿಯಾಟಿನಿನ್ 3.1, ಪೊಟ್ಯಾಸಿಯಂ 6.0, ಎರಡೂ ಜಾಸ್ತಿ ಅಂತೆ. ಅಡ್ಮಿಟ್ ಮಾಡ್ಕೊಂಡ್ರು. ಮಂಡಿನೋವಿಗೆ ಜೆಲ್ ಹಚ್ಚಬಹುದಾ ಅಂತ ಅತ್ತೆ ಕೇಳ್ತಿದಾರೆ.

ಡಾಕ್ಟ್ರಮ್ಮ: ಡೈಕ್ಲೋಫೆನಾಕ್ ಜೆಲ್ ಕೂಡ ಈಗ ಬೇಡ, ಸ್ವಲ್ಪ ಒಳಗೆ ಹೋಗುತ್ತೆ. ಬಿಸಿ ಶಾಖ ಕೊಡಿ. ಶುಗರ್ ಇರೋದ್ರಿಂದ ಸುಡದ ಹಾಗೆ, ಬಟ್ಟೆ ಸುತ್ತಿ, ಹತ್ತು ನಿಮಿಷ. ಪ್ಯಾರಾಸಿಟಮಾಲ್ ಅಲ್ಲಿನವರು ಹೇಳಿದಷ್ಟೇ. ಮೂತ್ರ ಎಷ್ಟಾಗುತ್ತೆ ಅಂತ ಅಳೆದು ಬರೆದಿಡಿ. ಡಿಸ್ಚಾರ್ಜ್ ಚೀಟಿಯಲ್ಲಿ ಅಸೆಕ್ಲೋಫೆನಾಕ್ ತರಹದ ನೋವಿನ ಮಾತ್ರೆ ಕೊಡಬಾರದು ಅಂತ ದೊಡ್ಡಕ್ಷರದಲ್ಲಿ ಬರೆಸ್ಕೊಳ್ಳಿ. ಆ ಹಳೇ ಚೀಟಿ ಹರಿದು ಹಾಕಿ.