ಅಂಗವಿಕಲ ಎನ್ನಬೇಕೋ, ವಿಕಲಚೇತನ ಎನ್ನಬೇಕೋ: ವಿದ್ಯಾಳಿಗೆ ಉತ್ತರ

ವಿದ್ಯಾ, ನಾಳೆ ಮಾಧವನ ಬೀಗರು ಬಂದಾಗ ಗಾಲಿಕುರ್ಚಿ ಬಳಸುವ ಅವರ ಹಿರಿಯ ಮಗನನ್ನು ಎಲ್ಲರಿಗೂ ಪರಿಚಯಿಸುವವಳು ನೀನೇ ಆದ್ದರಿಂದ, ‘ಅಂಗವಿಕಲ’ ಎನ್ನಬೇಕೋ ‘ವಿಕಲಚೇತನ’ ಎನ್ನಬೇಕೋ ಎಂದು ಗಾಬರಿಯಿಂದ ಕೇಳಿದ್ದೀಯೆ. ಇದೇ ಪರಿಚಯದ ಮಾತಿನಲ್ಲಿ ನಿನ್ನ ದೊಡ್ಡಮ್ಮ ಎಡವಿದ್ದನ್ನು ಮೊದಲು ಕೇಳು.

ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ನಮ್ಮ ಗಣಿತದ ಮೇಷ್ಟರಿಗೆ ದೃಷ್ಟಿಯಿರಲಿಲ್ಲ. ಒಂದು ಸಭೆಯಲ್ಲಿ ಅವರನ್ನು ಪರಿಚಯಿಸಲು ನಿಂತವಳು, ಒಳ್ಳೆಯ ಮಾತನ್ನೇ ಆಡುತ್ತಿದ್ದೇನೆಂಬ ಭ್ರಮೆಯಲ್ಲಿ, ‘ಪಾಪ, ಕಣ್ಣಿಲ್ಲದಿದ್ದರೂ ಎಷ್ಟು ಚೆನ್ನಾಗಿ ಕಲಿಸುತ್ತಾರೆ’ ಎಂದುಬಿಟ್ಟೆ. ತೊಡೆಯ ಮೇಲಿದ್ದ ಬ್ರೈಲ್ ಹಾಳೆಯ ಚುಕ್ಕಿಗಳ ಮೇಲೆ ಸರಿಯುತ್ತಿದ್ದ ಅವರ ಬೆರಳು ಅಲ್ಲಿಯೇ ನಿಂತಿತು. ಸಭೆ ಮುಗಿದ ಮೇಲೆ, ‘ಇಪ್ಪತ್ತು ವರ್ಷ ಗಣಿತ ಕಲಿಸಿದ್ದೇನೆ, ನೀವು ನನ್ನ ಕಣ್ಣನ್ನು ಪರಿಚಯಿಸಿದಿರಿ’ ಎಂದಷ್ಟೇ ಹೇಳಿ ಹೊರಟರು. ಆದ್ದರಿಂದ ಯಾರನ್ನೇ ಆಗಲಿ ‘ಪಾಪ’ ಎಂದು ಪರಿಚಯಿಸಬೇಡ. ಹೊಗಳುವ ಹುಮ್ಮಸ್ಸಿನಲ್ಲಿ ‘ಕಾಲಿಲ್ಲದಿದ್ದರೂ’ ಎಂದು ಶುರುಮಾಡುವುದೂ ಅದೇ ‘ಪಾಪ’. ಮತ್ತೆ ಹೇಳುತ್ತೇನೆ, ಬೇಡ.

ಪದಗಳ ವಿಚಾರಕ್ಕೆ ಬಂದರೆ, ‘ಕುಂಟ’, ‘ಹೆಳವ’ ಬಿಟ್ಟು ‘ಅಂಗವಿಕಲ’ ಎಂದೆವು, ಅದನ್ನೂ ಬಿಟ್ಟು ‘ವಿಕಲಚೇತನ’ ಎಂದೆವು. ಅಂಗಕ್ಕಿದ್ದ ವೈಕಲ್ಯವನ್ನು ಚೇತನಕ್ಕೇ ಅಂಟಿಸಿದ ಮೇಲೆ ಅದು ಹೇಗೆ ಗೌರವದ ಮಾತಾಯಿತೋ ನನಗಂತೂ ಅರ್ಥವಾಗಿಲ್ಲ. ‘ದಿವ್ಯಾಂಗ’ ಎಂದ ಮಾತ್ರಕ್ಕೆ ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಮೂಡುವುದಿಲ್ಲ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಒಡಂಬಡಿಕೆಯು ‘ಅಂಗವೈಕಲ್ಯವುಳ್ಳ ವ್ಯಕ್ತಿಗಳು’ ಎನ್ನುತ್ತದೆ, ವ್ಯಕ್ತಿಯನ್ನು ಬಿಟ್ಟುಕೊಡುವುದಿಲ್ಲ. ಹಾಗೆಂದು ಎಲ್ಲರಿಗೂ ಒಂದೇ ಅಳತೆಯಲ್ಲ. ಸಂಜ್ಞಾ ಭಾಷೆಯಲ್ಲಿ ಮಾತನಾಡುವ ಅನೇಕರು ತಮ್ಮನ್ನು ಕಿವುಡರೆಂದೇ ಹೆಮ್ಮೆಯಿಂದ ಕರೆದುಕೊಳ್ಳುತ್ತಾರೆ, ‘ಮೂಗರು’ ಎಂದರೆ ಮಾತ್ರ ಸಹಿಸುವುದಿಲ್ಲ.

ಕಿವಿಯ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನಾನು ಕಿವಿಗೆ ಯಂತ್ರ ಹಾಕಿಕೊಂಡ ಮೇಲೆ ನಮ್ಮ ಕುಟುಂಬದ ಈ ಗುಂಪಿನವರೇ ಕೆಲವರು, ಹೆಸರು ಬೇಡ, ನನ್ನೆದುರಿಗೇ ಸೊಸೆಯನ್ನು ‘ದೊಡ್ಡಮ್ಮ ಎಲ್ಲಿ ಕೂರುತ್ತಾರಂತೆ?’ ಎಂದು ಕೇಳುತ್ತೀರಿ. ನನಗೆ ಕೇಳಿಸುತ್ತದೆ. ಯಂತ್ರ ಇರುವುದೇ ಅದಕ್ಕೆ.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವನ್ನೇ ಹೇಳಲಿಲ್ಲ. ಅವರ ಹೆಸರು ಹೇಳು, ಅವರು ಮಾಡುವ ಕೆಲಸ ಹೇಳು, ಅಷ್ಟು ಸಾಕು. ಗಾಲಿಕುರ್ಚಿಯ ಮಾತು ಬರಬೇಕಾದದ್ದು ದಾರಿಯಲ್ಲಿ ಜಾಗ ಬಿಡಿಸುವಾಗ. ಆಗಲೂ ‘ಗಾಲಿಕುರ್ಚಿ ಬಳಸುತ್ತಾರೆ’ ಎನ್ನು, ‘ಗಾಲಿಕುರ್ಚಿಗೆ ಬಿದ್ದಿದ್ದಾರೆ’ ಎನ್ನಬೇಡ. ಅದಕ್ಕೂ ಮೀರಿ ಯಾವುದಾದರೂ ಪದ ಬೇಕೇಬೇಕೆಂದಾದರೆ, ತಮ್ಮನ್ನು ಹೇಗೆ ಹೇಳಿದರೆ ಸರಿ ಎಂದು ಇವತ್ತೇ ಫೋನ್ ಮಾಡಿ ಅವರನ್ನೇ ಕೇಳು, ಅವರ ತಾಯಿಯನ್ನಲ್ಲ.