ಮಡಚುವ ಬ್ಯಾಟನ್ ಬ್ಯಾಗಲ್ಲಿ ಇಟ್ಟುಕೊಂಡು ಓಡಾಡಬಹುದಾ?

ಪ್ರಶ್ನೆ: ಬೆಂಗಳೂರಿನಲ್ಲಿ ನೈಟ್ ಶಿಫ್ಟ್ ನನ್ನದು. ಕ್ಯಾಬ್ ಇಳಿದು ನಡೆಯುವ ರಸ್ತೆಯಲ್ಲಿ ಲೈಟೇ ಇಲ್ಲ. ಆನ್‌ಲೈನ್‌ನಲ್ಲಿ ಬ್ಯಾಟನ್ (ಒಂದರೊಳಗೊಂದು ಜಾರಿ ಚಿಕ್ಕದಾಗುವ ಕೋಲು) 21 ಇಂಚು, 26 ಇಂಚು ಎರಡೂ ಸಿಗುತ್ತವೆ. ಯಾವುದು ತಗೊಳ್ಳಲಿ? ಲೈಸೆನ್ಸ್ ಬೇಕಾ?

ಉತ್ತರ 1: 21 ಸಾಕು, ಬ್ಯಾಗಲ್ಲಿ ಕೂರುತ್ತದೆ. ಫ್ರಿಕ್ಷನ್ ಲಾಕ್ (ಭಾಗಗಳು ಒಂದಕ್ಕೊಂದು ಬಿಗಿಯಾಗಿ ಕಚ್ಚಿ ನಿಲ್ಲುವ ಬಗೆ) ಇರುವುದು ಜೋರಾಗಿ ಬೀಸಿದರೆ ತೆರೆಯುತ್ತದೆ, ಮುಚ್ಚಲು ತುದಿಯನ್ನು ಗಟ್ಟಿ ನೆಲಕ್ಕೆ ನೇರವಾಗಿ ಕುಟ್ಟಬೇಕು. ತೀರಾ ಅಗ್ಗದ್ದು ಬೇಡ, ಹೊಡೆಯುವಾಗಲೇ ಒಳಗೆ ಜಾರಿಬಿಡುತ್ತದೆ.

ಉತ್ತರ 2: ಮಾರುತ್ತಾರೆ ಅಂದ ಮಾತ್ರಕ್ಕೆ ಹಿಡಿದುಕೊಂಡು ಓಡಾಡಬಹುದು ಅಂತಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಮನೆ, ಹೊಲದ ಬಳಕೆಗಷ್ಟೇ ಇರುವ ಲಾಠಿ, ಊರುಗೋಲಿನಂಥವನ್ನು ಆಯುಧ ಅನ್ನುವ ಲೆಕ್ಕದಿಂದ ಹೊರಗಿಟ್ಟಿದೆ. ಬ್ಯಾಟನ್ ಮನೆ ಸಾಮಾನು ಅಂತ ವಾದಿಸುವುದು ಕಷ್ಟ, ಅಲ್ವಾ? ಆಯುಧ, ದೊಣ್ಣೆ ಒಯ್ಯಬಾರದು ಅಂತ ಕಮಿಷನರ್ ಆದೇಶ ಹೊರಡಿಸಿದ ದಿನವಂತೂ ಕೇಸೇ ಆಗಬಹುದು. ವಿಮಾನದ ಹ್ಯಾಂಡ್ ಬ್ಯಾಗಲ್ಲಿ ಬೇಡವೇ ಬೇಡ.

ಪ್ರಶ್ನೆ ಕೇಳಿದವರು: ಹಾಗಾದ್ರೆ ಪೆಪ್ಪರ್ ಸ್ಪ್ರೇ?

ಉತ್ತರ 2: ನನ್ನ ಮಟ್ಟಿಗೆ ಅದೇ ವಾಸಿ. ದೂರದಿಂದಲೇ ಹೊಡೆದು ಓಡಬಹುದು, ಬ್ಯಾಟನ್ ಬಳಸಬೇಕಾದರೆ ಮೈಮೇಲೆ ಬರುವವನ ಕೈಗೆ ಸಿಗುವಷ್ಟು ಹತ್ತಿರ ಹೋಗಬೇಕು. ಆದ್ರೆ ಸುಮ್ನೆ ಜಗಳಕ್ಕೆಲ್ಲ ತೆಗೆಯಬೇಡಿ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳಲ್ಲಿದೆ, ಬೇಕಾದದ್ದಕ್ಕಿಂತ ಜಾಸ್ತಿ ಬಲ ಬಳಸುವಂತಿಲ್ಲ.

ಉತ್ತರ 3: ಮೊದಲು ಆಫೀಸಿಗೆ ಮೇಲ್ ಹಾಕಿ, ಕ್ಯಾಬ್ ಮನೆ ಬಾಗಿಲಿಗೇ ಬರಲಿ. ಫೋನಲ್ಲಿ 112 ಶಾರ್ಟ್‌ಕಟ್ ಇಟ್ಟುಕೊಳ್ಳಿ.